5ಜಿ ಪ್ಲಾನ್ ಹಾಕಿಸಿದ ಮೇಲೂ ನೆಟ್ ನಿಧಾನ: ನಾನು ಸರಿಮಾಡಿಕೊಂಡ ಬಗೆ

ಹೋದ ತಿಂಗಳು ನಂಬರ್ ಪೋರ್ಟ್ ಮಾಡಿಸಿ ಹೊಸ 5ಜಿ ಪ್ಲಾನ್ ಹಾಕಿಸಿದೆ. ಫೋನಿನಲ್ಲಿ 5ಜಿ ಅಂತ ಕಾಣುತ್ತದೆ, ಆದರೆ ಮಗಳ ಆನ್‌ಲೈನ್ ಪಾಠದಲ್ಲಿ ಮೇಷ್ಟ್ರ ಮುಖ ಅರ್ಧ ಮಾತಿಗೇ ನಿಂತುಬಿಡುತ್ತದೆ. ಅವಳು ನೋಟ್‌ಬುಕ್ ಹಿಡಿದು ಜಗಲಿಗೆ ಹೋಗಿ ಕೂರುವುದನ್ನು ನೋಡಿ ಸಂಕಟವಾಯಿತು.

ಮೊದಲು ದಿನದ ಡೇಟಾ ಮುಗಿದಿದೆಯೇ ನೋಡಿದೆ. ಮುಗಿದರೆ ಹಲವು ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಮುಗಿದಿರಲಿಲ್ಲ. ಫೋನನ್ನು ಕಂಪನಿಯ ಇಂಟರ್ನೆಟ್‌ಗೆ ಜೋಡಿಸುವ ಎಪಿಎನ್ ಸೆಟ್ಟಿಂಗ್ ಕೂಡ ಸರಿಯಿತ್ತು.

ಆಮೇಲೆ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ, ನೆಟ್ ವೇಗ ಅಳೆಯುವ ಮೈಸ್ಪೀಡ್ ಆ್ಯಪ್ ಹಾಕಿಕೊಂಡು, ವೈಫೈ ಆಫ್ ಮಾಡಿ, ಮೂರು ದಿನ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಪರೀಕ್ಷಿಸಿ ಕ್ಯಾಲೆಂಡರಿನ ಹಿಂಬದಿಗೆ ಬರೆದಿಟ್ಟೆ. ಒಂದೇ ಸಲ ನೋಡಿ ತೀರ್ಮಾನಿಸಬೇಡಿ. ರಾತ್ರಿ ಎಲ್ಲರೂ ವಿಡಿಯೊ ನೋಡುವಾಗ ಟವರ್ ಮೇಲೆ ಹೊರೆ ಹೆಚ್ಚು, ವೇಗ ಇಳಿದೇ ಇಳಿಯುತ್ತದೆ. ನನ್ನ ಪಟ್ಟಿಯಲ್ಲಿ ಮಾತ್ರ ಹೊತ್ತಿಗಿಂತ ಜಾಗದ ವ್ಯತ್ಯಾಸವೇ ಎದ್ದು ಕಂಡಿತು: ಜಗಲಿಯಲ್ಲಿ 90 ಎಂಬಿಪಿಎಸ್ (ಸೆಕೆಂಡಿಗೆ 90 ಮೆಗಾಬಿಟ್), ನಡುಮನೆಯಲ್ಲಿ ಬರೀ 2!

ನಮ್ಮದು ದಪ್ಪ ಕಲ್ಲುಗೋಡೆಯ ಹಳೇ ಮನೆ. 5ಜಿಗೆ ಹೆಚ್ಚಾಗಿ ಬಳಸುವ 3300 ಮೆಗಾಹರ್ಟ್ಸ್‌ಗೂ ಮೇಲಿನ ತರಂಗಗಳು ಗೋಡೆ ದಾಟುವಷ್ಟರಲ್ಲಿ ಸೊರಗುತ್ತವೆ. 4ಜಿಯ 850, 1800 ಮೆಗಾಹರ್ಟ್ಸ್ ತರಂಗಗಳು ಅದಕ್ಕಿಂತ ಚೆನ್ನಾಗಿ ಒಳಗೆ ಬರುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ, ಮೊಬೈಲ್ ನೆಟ್‌ವರ್ಕ್ ಒತ್ತಿ, ನೆಟ್‌ವರ್ಕ್ ಬಗೆಯನ್ನು 4ಜಿಗೆ ಇಟ್ಟೆ. ನಡುಮನೆಯಲ್ಲೇ 16 ಎಂಬಿಪಿಎಸ್ ಬಂತು. ಅಂದರೆ ಸೆಕೆಂಡಿಗೆ 2 ಎಂಬಿ, ಅಂದರೆ ಮೆಗಾಬೈಟ್ (8 ಬಿಟ್‌ಗೆ ಒಂದು ಬೈಟ್), ಪಾಠಕ್ಕೆ ಧಾರಾಳ.

ಒಂದು ಎಚ್ಚರಿಕೆ: ಅನ್‌ಲಿಮಿಟೆಡ್ 5ಜಿ ಇದ್ದರೂ 4ಜಿಯಲ್ಲಿ ಬಳಸಿದ್ದು ದಿನದ ಕೋಟಾದಿಂದಲೇ ಕಳೆಯುತ್ತದೆ. ಹಾಗಾಗಿ ಪಾಠ ಮುಗಿದ ಕೂಡಲೇ ಮತ್ತೆ 5ಜಿಗೆ ಹಾಕುತ್ತೇನೆ.