ಮೊಲ ಸಾಕಿರುವ ಹೊಸಬರಿಗೆ: ಹೊಲದ ಹುಲ್ಲು, ಸೊಳ್ಳೆ, ಕಾಡುಮೊಲ

ಜೂನ್ ಬಂತೆಂದರೆ ಬೆಳಗಾವಿಗೆ ವರ್ಗವಾಗಿ ಬರುವ ಮನೆಗಳು ಜಾಸ್ತಿ. ಬಾಡಿಗೆ, ಗ್ಯಾಸ್, ಶಾಲೆ ಎಲ್ಲ ಕೇಳಿ ಮುಗಿದ ಮೇಲೆ ಕೆಲವರು ಮೆಲ್ಲಗೆ ಮಾತು ತೆಗೆಯುತ್ತಾರೆ: "ನಮ್ಮನೇಲಿ ಎರಡು ಮೊಲ ಇವೆ. ಮನೆ ಸಿಕ್ಕಿರೋದು ಊರಂಚಿನಲ್ಲಿ. ಹೊಲದ ಮೊಲಗಳಿಂದ ಇವಕ್ಕೆ ರೋಗ ಬರತ್ತಾ?"

ಪಂಜರದ ಬಿಳಿ ಮೊಲವೂ, ಕಾಕತಿ ಕಡೆಯ ಕುರುಚಲಿನಲ್ಲಿ ರಾತ್ರಿ ಬೈಕಿನ ಬೆಳಕಿಗೆ ಬೆದರಿ ಓಡುವ ಮೊಲವೂ ಬೇರೆ ಬೇರೆ ಜಾತಿ. ಸಾಕುಮೊಲದ ಮೂಲ ಯುರೋಪ್. ಅದರ ಮರಿ ಹುಟ್ಟುವಾಗ ಬೋಳು, ಕಣ್ಣೂ ಬಿಟ್ಟಿರುವುದಿಲ್ಲ. ನಮ್ಮ ಕಾಡುಮೊಲದ ಮರಿ ಮೈತುಂಬ ಕೂದಲಿಟ್ಟುಕೊಂಡು, ಕಣ್ಣು ಬಿಟ್ಟೇ ಹುಟ್ಟುತ್ತದೆ. ಆದರೆ ಉಣ್ಣಿ, ಚಿಗಟಗಳು ಜಾತಿ ಕೇಳುವುದಿಲ್ಲ ಅಲ್ವಾ?

ಇಂಗ್ಲೆಂಡ್, ಆಸ್ಟ್ರೇಲಿಯಾದ ಸುದ್ದಿ ಓದಿದವರಿಗೆ ಮಿಕ್ಸೊಮಟೋಸಿಸ್ ಎಂಬ ಮೊಲಗಳ ವೈರಸ್ ರೋಗ ಎಂದರೆ ಭಯ. ಅದರ ತವರು ದಕ್ಷಿಣ ಅಮೆರಿಕ. 1950ರಲ್ಲಿ ಆಸ್ಟ್ರೇಲಿಯಾದವರು ಮೊಲಗಳ ಕಾಟ ತಡೆಯಲು ಬೇಕೆಂದೇ ಅದನ್ನು ಹೊರಗೆ ಬಿಟ್ಟರು. ಸೊಳ್ಳೆ, ಚಿಗಟಗಳು ಅದನ್ನು ಹೊತ್ತು ತಿರುಗುತ್ತವೆ. ರೋಗ ಬಂದ ಮೊಲಕ್ಕೆ ಕಣ್ಣು, ಮುಖ ಊದಿಕೊಳ್ಳುತ್ತವೆ. 2022ರಲ್ಲಿ ಈ ಭಾಗದ ದನಗಳನ್ನು ಕಾಡಿದ ಚರ್ಮಗಂಟು ರೋಗದ ವೈರಸ್ಸೂ ಇದೇ ಪಾಕ್ಸ್ (ಸಿಡುಬು) ಕುಟುಂಬದ್ದು. ಅದನ್ನೂ ಹರಡಿದ್ದು ಕಚ್ಚುವ ಹುಳಗಳೇ. ಇನ್ನೊಂದು ಮೊಲಗಳ ರಕ್ತಸ್ರಾವ ರೋಗ. 1984ರಲ್ಲಿ ಚೀನಾದಲ್ಲಿ ಕಂಡಿತು. 2010ರಲ್ಲಿ ಫ್ರಾನ್ಸಿನಲ್ಲಿ ಕಂಡ ಹೊಸ ತಳಿ ಅಲ್ಲಿನ ಕಾಡುಮೊಲಗಳನ್ನೂ ಬಿಡಲಿಲ್ಲ. ಈ ವೈರಸ್ ಮೇವು, ಬಟ್ಟೆ, ಚಪ್ಪಲಿಯ ಮೇಲೂ ದಿನಗಟ್ಟಲೆ ಉಳಿಯುತ್ತದೆ.

ಹಾಗಾಗಿ ಕಾಡುಮೊಲ ನಿಮ್ಮ ಅಂಗಳಕ್ಕೆ ಬರಬೇಕೆಂದೇನಿಲ್ಲ. ಅದು ಓಡಾಡಿದ ಹುಲ್ಲು ಬಂದರೆ ಸಾಕು. ನಮ್ಮ ಲೆಕ್ಕದಲ್ಲಿ ಕಾಯಬೇಕಾದ ಬಾಗಿಲು ಇದೇ. ಕರಿಕಿ ತರುವವರನ್ನು ಸಂಕೋಚವಿಲ್ಲದೆ ಕೇಳಿ: "ಕಾಕಾ, ಈ ಹುಲ್ಲು ಎಲ್ಲಿಂದ ತಂದ್ರಿ?" ಹೊಲದ ಬದುವಿನದೋ, ಕುರುಚಲಿನದೋ ಆದರೆ ಬೇಡ. ಬೀದಿನಾಯಿ ಓಡಾಡುವ ಜಾಗದ್ದಂತೂ ಬೇಡವೇ ಬೇಡ. ನಾಯಿಯ ಹೊಟ್ಟೆಯ ಲಾಡಿಹುಳದ ಮೊಟ್ಟೆ ಹುಲ್ಲಿಗೆ ಅಂಟಿ ಮೊಲದ ಹೊಟ್ಟೆ ಸೇರಿದರೆ ಒಳಗೆ ನೀರುಗುಳ್ಳೆಗಳಾಗುತ್ತವೆ. ಸಾಧ್ಯವಿದ್ದರೆ ಕುಂಡದಲ್ಲೇ ಹುಲ್ಲು ಬೆಳೆಸಿ. ಉಳಿದಂತೆ ಚೆನ್ನಾಗಿ ಒಣಗಿದ ಹುಲ್ಲೇ ಮೊಲದ ಮುಖ್ಯ ಊಟ. ಕ್ಯಾರೆಟ್ ಏನಿದ್ದರೂ ಬಾಯಿರುಚಿಗೆ.

ಇಲ್ಲಿನ ಮಳೆ ಸುಮ್ನೆ ಬಂದು ಹೋಗುವ ಮಳೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೊಳ್ಳೆಯ ರಾಜ್ಯ. ಪಂಜರಕ್ಕೆ ಸೊಳ್ಳೆಪರದೆ ಕಟ್ಟಿ, ನೆಲದಿಂದ ಎತ್ತರದಲ್ಲಿಡಿ, ಸಂಜೆಯಾದರೆ ಮನೆಯೊಳಗೆ ತನ್ನಿ. ಒದ್ದೆ ಹುಲ್ಲನ್ನು ಆಗಿಂದಾಗ ತೆಗೆಯಿರಿ. ಹೊಲ ತುಳಿದು ಬಂದ ಚಪ್ಪಲಿ ಬಾಗಿಲಾಚೆಯೇ ಇರಲಿ.

ಮೊಲದ ಮೈಮೇಲೆ ಉಣ್ಣಿ ಕಂಡಿತೆಂದು ನಾಯಿಗೆ ತಂದ ಔಷಧಿ ಹಚ್ಚಬೇಡಿ. ಅದರಲ್ಲಿ ಫಿಪ್ರೊನಿಲ್ ಎಂಬ ಕೀಟನಾಶಕ ಇದ್ದರೆ ಮೊಲದ ಜೀವಕ್ಕೇ ಅಪಾಯ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಆಂಟಿಬಯಾಟಿಕ್ ಕುಡಿಸುವುದೂ ಹಾಗೆಯೇ, ಮೊಲದ ಕರುಳು ಕೆಡುತ್ತದೆ. ಕಿವಿ, ಮೂಗಿನ ಮೇಲೆ ಹಕ್ಕಳೆ ಕಟ್ಟಿದ್ದರೆ ಕಜ್ಜಿಯಿರಬಹುದು. ಕೀಳಬೇಡಿ, ತುಂಬ ನೋಯುತ್ತದೆ. ಕೆಲವು ಕಜ್ಜಿಹುಳಗಳಿಂದ ನಮಗೂ ತುರಿಕೆ ಬರುತ್ತದೆ.

ಕಬ್ಬು ಕಡಿಯುವ ಕಾಲದಲ್ಲಿ ಹುಡುಗರು ಕಾಡುಮೊಲದ ಮರಿ ಹಿಡಿದು ತಂದು ಕೊಡುತ್ತಾರೆ. ಮುದ್ದಾಗಿರುತ್ತದೆ, ನಿಜ. ಆದರೆ ಅದು ತಬ್ಬಲಿಯಲ್ಲ. ತಾಯಿ ಮರಿಯನ್ನು ಒಂಟಿಯಾಗಿ ಬಿಟ್ಟು, ಕತ್ತಲಾಗುವ ಹೊತ್ತಿಗೆ ಬಂದು ಹಾಲುಣಿಸುವುದೇ ಅವುಗಳ ರೀತಿ. ಕಾಡುಮೊಲಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ, ಸಾಕುವಂತಿಲ್ಲ. ತೆಗೆದ ಜಾಗದ ಹತ್ತಿರವೇ ಮರೆಯಲ್ಲಿ ಬಿಡಿಸಿ, ಕೈ ತೊಳೆಯಿರಿ. ಪೇಟೆಯಿಂದ ಹೊಸ ಸಾಕುಮೊಲ ತಂದರೂ ಎರಡು ವಾರವಾದರೂ ಬೇರೆ ಕೋಣೆಯಲ್ಲಿಡಿ.

ನಮ್ಮ ಪಶು ಆಸ್ಪತ್ರೆಗಳಿಗೆ ಬರುವುದು ದನ, ಎಮ್ಮೆ, ಆಡುಗಳೇ ಜಾಸ್ತಿ. ಮೊಲ ನೋಡಿ ಅಭ್ಯಾಸವಿರುವ ಡಾಕ್ಟರ್ ಯಾರೆಂದು ಬಂದ ವಾರದಲ್ಲೇ ವಿಚಾರಿಸಿಡಿ, ಲಸಿಕೆಯ ವಿಷಯವನ್ನೂ ಅವರಲ್ಲೇ ಕೇಳಿ. ಮೊಲ 12 ಗಂಟೆ ಏನೂ ತಿನ್ನದಿದ್ದರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ ಹೊರಡಿ. ಇದ್ದಕ್ಕಿದ್ದಂತೆ ಸತ್ತರೆ ನಾಲೆಗೆ ಎಸೆಯದೆ ಡಾಕ್ಟರಿಗೆ ತೋರಿಸಿ. ಆಮೇಲೆ ಸುಣ್ಣ ಹಾಕಿ ಆಳವಾಗಿ ಹೂಳಿ, ಪಂಜರವನ್ನು ಬ್ಲೀಚಿಂಗ್ ಪುಡಿ ನೀರಿನಲ್ಲಿ ತೊಳೆಯಿರಿ.