ಮಾತಾಡುವ ಪ್ರಾಣಿಗಳ ಕಾದಂಬರಿ: ಪಾತ್ರ, ಆಶಯ ಹುಡುಕುವುದು ಹೀಗೆ

ಕಲಬುರಗಿಯಲ್ಲಿ ಎಂಟನೇ ತರಗತಿ ಓದುವ ನನ್ನ ತಂಗಿಯ ಮಗಳಿಗೆ ಒಂದು ಪ್ರಾಜೆಕ್ಟ್ ಬಂದಿತ್ತು. ಇ. ಬಿ. ವೈಟ್ ಅವರ ‘ಷಾರ್ಲೆಟ್ಸ್ ವೆಬ್’ (1952) ಓದಿ, ಪಾತ್ರ ಮತ್ತು ಆಶಯದ (ಕಥೆ ಒಟ್ಟಾರೆ ಹೇಳುವ ಮಾತಿನ) ಬಗ್ಗೆ ಎರಡು ಪುಟ ಬರೆಯಬೇಕು. ವಿಲ್ಬರ್ ಎಂಬ ಹಂದಿಮರಿಯನ್ನು ಮಾಂಸಕ್ಕಾಗಿ ಬೆಳೆಸುತ್ತಿರುತ್ತಾರೆ. ಕೊಟ್ಟಿಗೆಯ ಜೇಡ ಷಾರ್ಲೆಟ್ ಬಲೆಯಲ್ಲಿ ಅಕ್ಷರ ನೇಯ್ದು ಅವನನ್ನು ಉಳಿಸುತ್ತಾಳೆ. ಹುಡುಗಿ ಬರೆದಿದ್ದು ಮೂರೇ ಸಾಲು: ವಿಲ್ಬರ್ ಒಳ್ಳೆಯವನು, ಷಾರ್ಲೆಟ್ ಬುದ್ಧಿವಂತೆ, ಟೆಂಪಲ್‌ಟನ್ ಇಲಿ ಕೆಟ್ಟವನು.

ಮೊದಲ ಸಲ ಕಥೆಯನ್ನು ಸುಮ್ನೆ ಓದಿ ಮುಗಿಸಿ. ಪೆನ್ಸಿಲ್ ಹಿಡಿಯುವುದು ಎರಡನೇ ಸಲ.

ಆಮೇಲೆ ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಪ್ರಾಣಿಯ ಗುಣ, ಬಲಕ್ಕೆ ಮನುಷ್ಯರ ಗುಣ. ಷಾರ್ಲೆಟ್ ನೊಣದ ರಕ್ತ ಹೀರುತ್ತಾಳೆ, ಅದು ಎಡಕ್ಕೆ. ಗೆಳೆಯನಿಗಾಗಿ ರಾತ್ರಿ ಕೂತು ನೇಯುತ್ತಾಳೆ, ಅದು ಬಲಕ್ಕೆ. ಎರಡೂ ಒಂದೇ ಜೀವದಲ್ಲಿವೆ. ನಮ್ಮ ಕಡೆ ಹಂದಿ ಅಂದರೆ ಬೈಗುಳ, ಆ ಮಾತನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ.

ಈಗ ಮುಖ್ಯ ಕೆಲಸ.

“ಮಾಮಾ, ಇಲಿ ಕೆಟ್ಟದ್ದೇ ಅಲ್ಲೇನು?”

“ಅದು ಏನ್ ಮಾಡ್ತದ, ಅದನ್ನ ಬರಿಯವ್ವಾ.”

ಹುಡುಕಿದಳು. ವಿಲ್ಬರ್‌ನನ್ನು ಪ್ರದರ್ಶನಕ್ಕೆ ಒಯ್ದ ಮೇಳದ ಕೊನೆಗೆ, ಅವನ ಜೊತೆ ಹೋಗಿದ್ದ ಷಾರ್ಲೆಟ್‌ಗೆ ಮನೆಗೆ ಮರಳುವಷ್ಟೂ ಶಕ್ತಿ ಉಳಿದಿಲ್ಲ. ಅವಳ ಮೊಟ್ಟೆಚೀಲ ಮೇಲೆ, ಸೂರಿನ ಹತ್ತಿರ ಇದೆ. ಅಲ್ಲಿಗೆ ಹತ್ತಬಲ್ಲದ್ದು ಇಲಿ ಮಾತ್ರ. ಅದು ಚೌಕಾಸಿ ಮಾಡುತ್ತದೆ: ಇನ್ನು ಮುಂದೆ ನಿನ್ನ ಮುಸುರೆ ತೊಟ್ಟಿಯಲ್ಲಿ ಮೊದಲ ಊಟ ನನ್ನದು. ವಿಲ್ಬರ್ ಒಪ್ಪುತ್ತಾನೆ, ಇಲಿ ಹಲ್ಲಿನಿಂದ ಎಳೆ ಕಡಿದು ಚೀಲ ತರುತ್ತದೆ. ಆಸೆಬುರುಕತನ ಹಾಗೇ ಇದೆ, ಆದರೆ 514 ಮೊಟ್ಟೆ ಉಳಿದವು. ಇಂಥ ಜಾಗದಲ್ಲೇ ಬರೆಯುವುದಕ್ಕೆ ಜಾಸ್ತಿ ಸಿಗುತ್ತದೆ.

ಅಲ್ಲೇ ವಿಲ್ಬರ್‌ನನ್ನೂ ನೋಡಿ. ಸಾಯಿಸುತ್ತಾರೆಂದು ಕೇಳಿದಾಗ ಚೀರಿ ಅತ್ತವನು ಇವನೇ. ಈಗ ಬಾಯಿಯಲ್ಲಿ ಮೊಟ್ಟೆಚೀಲ, ಮಾತಾಡುವಂತಿಲ್ಲ. ಷಾರ್ಲೆಟ್ ಕಡೆ ನೋಡಿ ಒಮ್ಮೆ ಕಣ್ಣು ಮಿಟುಕಿಸುತ್ತಾನೆ. ಅದೇ ಅವನ ವಿದಾಯ. ಆ ಅಳು ಇರುವ ಪುಟ, ಈ ಕಣ್ಣು ಮಿಟುಕಿಸಿದ ಪುಟ, ಎರಡನ್ನೂ ಎದುರಿಗಿಟ್ಟುಕೊಂಡರೆ ಅವನು ಎಷ್ಟು ಬೆಳೆದಿದ್ದಾನೆ ಅಂತ ಕಾಣುತ್ತದೆ.

ಆಶಯ ಬೇರೆ, ನೀತಿ ಬೇರೆ. ಸುಮಾರು ಸಾವಿರ ವರ್ಷದ ಹಿಂದೆ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಅಲ್ಲಿ ಕುತಂತ್ರಿ ನರಿ ಕೊನೆವರೆಗೂ ಕುತಂತ್ರಿಯೇ, ನೀತಿಯೂ ನೇರ. ಕಾದಂಬರಿಯಲ್ಲಿ ಆಶಯವನ್ನು ನಾವೇ ಕಟ್ಟಬೇಕು. ಮತ್ತೆ ಮತ್ತೆ ಬರುವುದನ್ನು ಗುರುತು ಮಾಡಿ. ಇಲ್ಲಿ ಉಳಿಸುವುದು ಮತ್ತೆ ಮತ್ತೆ ಬರುತ್ತದೆ: ಮೊದಲು ಫರ್ನ್ ಎಂಬ ಹುಡುಗಿ, ಮರಿ ವಿಲ್ಬರ್‌ನನ್ನು ಕೊಲ್ಲಲು ಹೊರಟ ತನ್ನ ಅಪ್ಪನ ಕೊಡಲಿ ತಡೆಯುತ್ತಾಳೆ, ಆಮೇಲೆ ಷಾರ್ಲೆಟ್, ಕೊನೆಗೆ ವಿಲ್ಬರ್. ‘ಸ್ನೇಹ’ ಅಂತ ಒಂದೇ ಪದ ಬರೆದು ಬಿಡಬೇಡಿ, ಪೂರ್ತಿ ವಾಕ್ಯ ಬೇಕು.

“ಸ್ನೇಹ ಜೀವ ಉಳಿಸುತ್ತದೆ” ಅಂತ ಬರೆದಳು. ಹಾಗಾದ್ರೆ ಷಾರ್ಲೆಟ್? ಶರಣಬಸವೇಶ್ವರರ ಜಾತ್ರೆ ಮುಗಿದ ಮೇಲೆ ಬಯಲು ಹೇಗಿರುತ್ತದೆ ಅಂತ ಇಲ್ಲಿನ ಮಕ್ಕಳಿಗೆ ಗೊತ್ತು. ಅಂಥ ಖಾಲಿ ಬಯಲಿನಲ್ಲಿ ಷಾರ್ಲೆಟ್ ಒಬ್ಬಳೇ ಸಾಯುತ್ತಾಳೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತಿದ್ದಿದಳು: “ಗೆಳೆಯರು ಸಾವನ್ನು ತಡೆಯಲು ಯಾವಾಗಲೂ ಆಗುವುದಿಲ್ಲ, ಆದರೆ ಸತ್ತವರ ಮಕ್ಕಳನ್ನು ಕಾಯಬಹುದು.”

ಹೀಗೆ ಬರೆದ ಪ್ರತಿ ಮಾತಿನ ಕೆಳಗೆ ಒಂದು ಘಟನೆ, ಅದರ ಪುಟದ ಸಂಖ್ಯೆ, ಅದನ್ನೇ ಏಕೆ ಆರಿಸಿದಿರಿ ಎಂಬ ಎರಡು ಸಾಲು ಇರಲಿ. ಅವಳ ಎರಡು ಪುಟದಲ್ಲಿ ಒಂದು ಪುಟ ಈಗ ಇಲಿಯದೇ.