ಕಪಾಟಿನ ಲೆಕ್ಕದಿಂದ ಹಕ್ಕಿನ ಲೆಕ್ಕಕ್ಕೆ: ಇ-ಜರ್ನಲ್‌ಗಳೊಂದಿಗೆ ನನ್ನ ಅನುಭವ

ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಾನು ನಿಯತಕಾಲಿಕೆಗಳ ವಿಭಾಗಕ್ಕೆ ಸೇರಿದಾಗ ಅಲ್ಲಿನ ಕೆಲಸವೆಲ್ಲ ಕಾರ್ಡೆಕ್ಸ್ ಎಂಬ ಉಕ್ಕಿನ ಪೆಟ್ಟಿಗೆಯ ಸುತ್ತ ನಡೆಯುತ್ತಿತ್ತು. ಪ್ರತಿ ಜರ್ನಲ್‌ಗೆ ಒಂದು ಕಾರ್ಡು. ಸಂಚಿಕೆ ಬಂದರೆ ಅದರಲ್ಲಿ ಗುರುತು, ಬಾರದಿದ್ದರೆ ಏಜೆಂಟರಿಗೆ ಜ್ಞಾಪನಾ ಪತ್ರ, ಸಂಪುಟ ಪೂರ್ತಿಯಾದ ಮೇಲೆ ಬೈಂಡಿಂಗ್. ಚಂದಾ ವರ್ಷ ಜನವರಿಯಿಂದ ಡಿಸೆಂಬರ್‌ವರೆಗೆ, ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಇದ್ದುದರಿಂದ ಮುಂಗಡ ಪಾವತಿ, ಡಾಲರ್ ದರದ ಏರಿಳಿತ, ಬಾರದ ಸಂಚಿಕೆಗಳ ಬಗ್ಗೆ ಲೆಕ್ಕಪರಿಶೋಧಕರ ಆಕ್ಷೇಪಣೆ ಇವೆಲ್ಲ ಪ್ರತಿವರ್ಷ ತಪ್ಪದೆ ಎದುರಾಗುತ್ತಿದ್ದವು. ಆದರೆ ಒಮ್ಮೆ ಬಂದ ಸಂಪುಟ ನಮ್ಮದಾಗಿ ಉಳಿಯುತ್ತಿತ್ತು. ಮುಂದಿನ ವರ್ಷ ಚಂದಾ ನಿಲ್ಲಿಸಿದರೂ ಹಿಂದಿನ ಸಂಪುಟಗಳನ್ನು ಯಾರೂ ವಾಪಸು ಕೇಳುತ್ತಿರಲಿಲ್ಲ. ಇ-ಜರ್ನಲ್‌ಗಳ ಜೊತೆ ಕೆಲಸ ಮಾಡುತ್ತ ನಾನು ಹೊಸದಾಗಿ ಕಲಿಯಬೇಕಾದದ್ದೆಲ್ಲ ಈ ಒಂದು ಭರವಸೆ ಕೈಬಿಟ್ಟುಹೋದದ್ದರಿಂದಲೇ ಹುಟ್ಟಿತು.

ವಿಶ್ವವಿದ್ಯಾಲಯಗಳಿಗೆ ಒಟ್ಟಾಗಿ ಇ-ಜರ್ನಲ್‌ಗಳನ್ನು ಒದಗಿಸಲು ಕಟ್ಟಿದ ಯುಜಿಸಿ-ಇನ್ಫೋನೆಟ್ ಒಕ್ಕೂಟವನ್ನು 2003ರ ಡಿಸೆಂಬರ್‌ನಲ್ಲಿ ಅಂದಿನ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಉದ್ಘಾಟಿಸಿದರು. ಯುಜಿಸಿಯ ಗ್ರಂಥಾಲಯ ಜಾಲ ಸಂಸ್ಥೆಯಾದ, ಈಗ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರದ ಮೂಲಕ ವಿಶ್ವವಿದ್ಯಾಲಯಗಳಿಗೆ ಪ್ರಕಾಶಕರ ಜಾಲತಾಣಗಳು ತೆರೆದುಕೊಂಡವು. ನಾವು ಎಂದೂ ಕೊಳ್ಳಲಾಗದಿದ್ದ ರಸಾಯನಶಾಸ್ತ್ರ, ಭೌತಶಾಸ್ತ್ರದ ಜರ್ನಲ್‌ಗಳು ಒಮ್ಮೆಲೇ ಸಂಶೋಧನಾರ್ಥಿಗಳ ಪರದೆಯ ಮೇಲೆ ಬಂದಾಗ ಅವರಿಗಾದ ಸಂತೋಷವನ್ನು ನಾನು ಹತ್ತಿರದಿಂದ ಕಂಡವನು. ಪ್ರವೇಶವು ಕ್ಯಾಂಪಸ್ಸಿನ ಐಪಿ ವಿಳಾಸಗಳಿಗೆ, ಅಂದರೆ ಜಾಲದಲ್ಲಿ ಕಂಪ್ಯೂಟರುಗಳನ್ನು ಗುರುತಿಸುವ ಸಂಖ್ಯೆಗಳಿಗೆ, ಕಟ್ಟಿಕೊಂಡಿದ್ದರಿಂದ ಕಂಪ್ಯೂಟರ್ ಕೇಂದ್ರದವರಿಂದ ಆ ವಿಳಾಸಗಳ ಪಟ್ಟಿ ಪಡೆದು, ಅದು ಬದಲಾದಾಗಲೆಲ್ಲ ತಿಳಿಸುವುದು ನನ್ನ ಕೆಲಸವಾಯಿತು. ಊರಿನಲ್ಲಿ ಮನೆ ಮಾಡಿಕೊಂಡಿದ್ದವರಿಗೆ ಮತ್ತು ಕ್ಷೇತ್ರಕಾರ್ಯಕ್ಕೆ ಹೋದವರಿಗೆ ಈ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. ಇನ್‌ಫ್ಲಿಬ್‌ನೆಟ್‌ನದೇ ಆದ ಇನ್‌ಫೆಡ್ ಮೂಲಕ ಹೊರಗಿನಿಂದಲೂ ಲಾಗಿನ್ ಆಗುವ ವ್ಯವಸ್ಥೆ ಬಂದ ಮೇಲೆ ಆ ತೊಂದರೆ ಬಹುಮಟ್ಟಿಗೆ ನೀಗಿತು.

ಒಕ್ಕೂಟದ ಹೊರಗೆ ನಾವೇ ಹಣ ಕೊಟ್ಟು ಪಡೆದ ಜರ್ನಲ್‌ಗಳ ವಿಷಯದಲ್ಲಿ ಕಚೇರಿಯವರಿಗೆ ಮೊದಲು ಬಂದ ಪ್ರಶ್ನೆ ಸರಳವಾಗಿತ್ತು: ವಸ್ತುವೇ ಇಲ್ಲದೆ ಬಿಲ್ಲಿನ ಮೇಲೆ ದಾಖಲಾತಿ ಸಂಖ್ಯೆ ಬರೆಯುವುದು ಹೇಗೆ? ಇದನ್ನು ಬಗೆಹರಿಸಲು ಒಂದು ಪ್ರತ್ಯೇಕ ರಿಜಿಸ್ಟರ್ ತೆರೆದೆ. ಜರ್ನಲಿನ ಹೆಸರು, ಪ್ರಕಾಶಕರು, ಯಾವ ವರ್ಷದ ಸಂಚಿಕೆಗಳಿಗೆ ಹಣ ಕೊಟ್ಟಿದ್ದೇವೆ, ಯಾವ ತಾಣದಲ್ಲಿ ಸಿಗುತ್ತದೆ, ಚಂದಾ ನಿಂತ ಮೇಲೂ ಆ ವರ್ಷಗಳನ್ನು ಓದುವ ಹಕ್ಕು ಉಳಿಯುತ್ತದೆಯೇ ಇಲ್ಲವೇ ಎಂಬ ಅಂಕಣಗಳಿರುವ ಆ ರಿಜಿಸ್ಟರಿಗೆ ಪ್ರತಿ ಕರಾರಿನ ಪ್ರತಿಯನ್ನೂ ಲಗತ್ತಿಸಿದೆ. ಹಣಕಾಸು ಅಧಿಕಾರಿಗಳು ಇದನ್ನು ಒಪ್ಪಿದ ಮೇಲೆ ಬಿಲ್ಲುಗಳು ಸರಾಗವಾಗಿ ಸಾಗಿದವು. ನನ್ನ ವೃತ್ತಿಯಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಇದೇ ಎಂದು ಇಂದಿಗೂ ನಂಬಿದ್ದೇನೆ. ಕಾರಣ, ಕೊನೆಯ ಅಂಕಣದ ಉತ್ತರ ಪ್ರಕಾಶಕರಿಂದ ಪ್ರಕಾಶಕರಿಗೆ ಬೇರೆ. ಕೆಲವರು ಹಣ ಕೊಟ್ಟ ವರ್ಷಗಳಿಗೆ ಶಾಶ್ವತ ಪ್ರವೇಶ ಕೊಡುತ್ತಾರೆ. ಕೆಲವರು ಅದಕ್ಕೆ ವಾರ್ಷಿಕ ನಿರ್ವಹಣಾ ಶುಲ್ಕ ಕೇಳುತ್ತಾರೆ. ಹಲವು ಪ್ರಕಾಶಕರ ಜರ್ನಲ್‌ಗಳನ್ನು ಒಟ್ಟುಮಾಡಿ ಮಾರುವ ಡೇಟಾಬೇಸ್‌ಗಳಲ್ಲಿ ಸಾಮಾನ್ಯವಾಗಿ ಆ ಹಕ್ಕೇ ಇರುವುದಿಲ್ಲ. ಒಂದು ಜರ್ನಲ್ ಒಬ್ಬ ಪ್ರಕಾಶಕರ ಕೈಯಿಂದ ಮತ್ತೊಬ್ಬರ ಕೈಗೆ ಹೋದಾಗ ಹಳೆಯ ಹಕ್ಕು ಹೊಸ ತಾಣದಲ್ಲಿ ತಾನಾಗಿ ಕಾಣಿಸಿಕೊಳ್ಳುವುದಿಲ್ಲ. ಕರಾರಿನ ಪ್ರತಿ ತೋರಿಸಿ ಕೇಳಿ ಪಡೆಯಬೇಕಾಗುತ್ತದೆ. ಹೀಗಾಗಿ ಪ್ರತಿ ಜನವರಿಯಲ್ಲಿ ರಿಜಿಸ್ಟರಿನ ಒಂದೊಂದು ಹೆಸರನ್ನೂ ಹಿಡಿದು, ಮೊದಲ ವರ್ಷದ ಮತ್ತು ಕೊನೆಯ ವರ್ಷದ ಒಂದೊಂದು ಲೇಖನ ತೆರೆಯುತ್ತದೆಯೇ ಎಂದು ಪರೀಕ್ಷಿಸುವುದನ್ನು ರೂಢಿಸಿಕೊಂಡೆ.

ಪ್ರಕಾಶಕರೇ ಮುಚ್ಚಿಹೋದರೆ ಏನು ಗತಿ ಎಂಬುದಕ್ಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹುಟ್ಟಿದ ಲಾಕ್ಸ್, ಅದರಿಂದ ಬೆಳೆದ ಕ್ಲಾಕ್ಸ್, ಬೇರೆಯಾಗಿಯೇ ಹುಟ್ಟಿದ ಪೋರ್ಟಿಕೋ ಎಂಬ ಸಂರಕ್ಷಣಾ ವ್ಯವಸ್ಥೆಗಳು ಒಂದು ಉತ್ತರ ಕೊಟ್ಟಿವೆ. ಒಂದು ಪ್ರತಿ ಕಳೆದರೂ ಇನ್ನೊಂದು ಉಳಿಯುವಂತೆ ಹಲವು ಕಡೆ ಪ್ರತಿಗಳನ್ನಿಡುವುದು ಲಾಕ್ಸ್‌ನ ತತ್ತ್ವ. ಕರಾರಿಗೆ ಸಹಿ ಹಾಕುವ ಮುನ್ನ ಜರ್ನಲ್ ಇಂಥ ಯಾವುದಾದರೊಂದು ವ್ಯವಸ್ಥೆಯಲ್ಲಿ ಸೇರಿದೆಯೇ ಎಂದು ನಾನು ತಪ್ಪದೆ ಕೇಳುತ್ತೇನೆ. ಗ್ರಂಥಾಲಯಕ್ಕೆ ನಡೆದು ಬರುವ ಹೊರಗಿನ ಓದುಗರು ಬಳಸಬಹುದೇ, ಇನ್ನೊಂದು ಗ್ರಂಥಾಲಯ ಲೇಖನ ಕೇಳಿದರೆ ಕಳಿಸಬಹುದೇ ಎಂಬ ಎರಡು ಷರತ್ತುಗಳನ್ನೂ ಓದಿಯೇ ಮುಂದುವರಿಯುತ್ತೇನೆ.

ಮುದ್ರಿತ ಚಂದಾಗಳಲ್ಲಿ ಯಾವುದನ್ನು ನಿಲ್ಲಿಸಬೇಕೆಂದು ತೀರ್ಮಾನಿಸುವಾಗ ಕೌಂಟರ್ ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಪ್ರಕಾಶಕರು ಕೊಡುವ ಬಳಕೆ ವರದಿಗಳು ನೆರವಾದವು. ಆದರೆ ಆ ವರದಿ ಎಣಿಸುವುದು ಲೇಖನ ಎಷ್ಟು ಸಲ ತೆರೆಯಿತು ಎಂಬುದನ್ನು ಮಾತ್ರ. ಒಬ್ಬ ಗಣಿತಜ್ಞರು ಒಂದೇ ಹಳೆಯ ಲೇಖನದ ಜೊತೆ ಒಂದು ಋತುವನ್ನೇ ಕಳೆಯಬಹುದು. ಅದು ವರದಿಯಲ್ಲಿ ಕಾಣುವುದಿಲ್ಲ. ಅಂಕಿಗಳನ್ನು ಹಿಡಿದುಕೊಂಡು ಪ್ರತಿ ವಿಭಾಗಕ್ಕೂ ಹೋಗಿ ಅಧ್ಯಾಪಕರ ಜೊತೆ ಕೂತು ಮಾತನಾಡಿದ ನಂತರವೇ ಪಟ್ಟಿಯನ್ನು ಅಂತಿಮಗೊಳಿಸುತ್ತಿದ್ದೆವು.

ಪ್ರಕಾಶಕರೂ ಈ ಅವಧಿಯಲ್ಲಿ ಬದಲಾದರು. ದೊಡ್ಡ ಪ್ರಕಾಶಕರು 1990ರ ದಶಕದ ನಡುವಿನಿಂದ ತಮ್ಮ ಜರ್ನಲ್‌ಗಳನ್ನೆಲ್ಲ ಒಂದೇ ಕಟ್ಟಾಗಿ ಮಾರತೊಡಗಿದರು. ಬೇಡದ್ದನ್ನು ಬಿಟ್ಟು ಬೇಕಾದ್ದನ್ನಷ್ಟೇ ಕೊಳ್ಳುವ ಸ್ವಾತಂತ್ರ್ಯ ಗ್ರಂಥಾಲಯಗಳಿಗೆ ಕುಗ್ಗಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಹಿಡಿದ ದಾರಿ ನನಗೆ ಹೆಚ್ಚು ಗೌರವಯೋಗ್ಯವೆನಿಸುತ್ತದೆ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಆ ಸಂಸ್ಥೆ ಅಂತರರಾಷ್ಟ್ರೀಯ ವಿತರಣೆಗಾಗಿ 2007ರಿಂದ ಸ್ಪ್ರಿಂಗರ್ ಜೊತೆ ಸಹಪ್ರಕಾಶನಕ್ಕಿಳಿದರೂ ಭೌತಶಾಸ್ತ್ರದ ‘ಪ್ರಮಾಣ’ ಮೊದಲಾದ ತನ್ನ ಜರ್ನಲ್‌ಗಳ ಲೇಖನಗಳನ್ನು ಸ್ವಂತ ಜಾಲತಾಣದಲ್ಲಿ ಉಚಿತವಾಗಿ ಇರಿಸಿಕೊಂಡಿತು.

ಈ ಮಾದರಿ ಕಣ್ಣೆದುರಿಗಿದ್ದುದರಿಂದಲೇ ನಮ್ಮ ಕನ್ನಡ ಅಧ್ಯಯನ ವಿಭಾಗದವರು ತಮ್ಮ ಸಂಶೋಧನಾ ಪತ್ರಿಕೆಯನ್ನು ಜಾಲಕ್ಕೆ ತರಲು ನೆರವು ಕೇಳಿದಾಗ ನಾನು ಉತ್ಸಾಹದಿಂದ ಒಪ್ಪಿಕೊಂಡೆ. ಗ್ರಂಥಾಲಯವೇ ಪ್ರಕಾಶಕರ ಸ್ಥಾನದಲ್ಲಿ ನಿಂತು ಮಾಡಿದ ಈ ಕೆಲಸ ಉಳಿದೆಲ್ಲಕ್ಕಿಂತ ಹೆಚ್ಚು ಶ್ರಮ ಬೇಡಿತು. ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ಮುಕ್ತ ತಂತ್ರಾಂಶವನ್ನು ನಮ್ಮ ಸರ್ವರಿನಲ್ಲಿ ಸ್ಥಾಪಿಸಿದ್ದು, ಮುದ್ರಿತ ಆವೃತ್ತಿಯದಕ್ಕಿಂತ ಬೇರೆಯಾದ ಐಎಸ್‌ಎಸ್‌ಎನ್ (ನಿಯತಕಾಲಿಕೆಯನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಅನ್ನು ಜಾಲ ಆವೃತ್ತಿಗೆ ಪಡೆದದ್ದು ಸುಲಭದ ಭಾಗ. ಕಷ್ಟವಿದ್ದದ್ದು ಹಳೆಯ ಸಂಚಿಕೆಗಳಲ್ಲಿ. ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದಲ್ಲಿ ನುಡಿ ಫಾಂಟಿನಿಂದ ಜೋಡಿಸಿದ ಪುಟಗಳನ್ನು ಪಿಡಿಎಫ್ ಮಾಡಿದರೆ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡವೇ ಕಾಣುತ್ತದೆ, ಆದರೆ ಅಲ್ಲಿ ‘ವಚನ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಹಾಕಿದರೆ ರೋಮನ್ ಲಿಪಿಯ ಅಕ್ಷರಗಳು ಉದುರುತ್ತವೆ. ಹುಡುಕಲಾಗದ ಲೇಖನ ಜಾಲದಲ್ಲಿದ್ದೂ ಇಲ್ಲದಂತೆ. ಆದ್ದರಿಂದ ಎಲ್ಲವನ್ನೂ, ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ಗೆ ಪರಿವರ್ತಿಸುವುದೆಂದು ನಿಶ್ಚಯಿಸಿದೆವು.

ಪರಿವರ್ತಕ ತಂತ್ರಾಂಶಗಳು ಸಾಮಾನ್ಯ ಗದ್ಯವನ್ನು ಚೆನ್ನಾಗಿಯೇ ಬದಲಿಸುತ್ತವೆ. ಅರ್ಕಾವತ್ತಿನಲ್ಲಿ ಮಾತ್ರ ಎಚ್ಚರ ಬೇಕು: ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಮೊದಲು ಬರಬೇಕು. ಹಳೆಗನ್ನಡದ ಉದ್ಧರಣೆಗಳು ಇದಕ್ಕಿಂತ ಕಠಿಣ. ಱ, ೞ ಅಕ್ಷರಗಳನ್ನು ಜೋಡಣೆಗಾರರು ಬೇರೊಂದು ಫಾಂಟಿನಿಂದ ತಂದು ಕೂರಿಸಿದ್ದ ಕಡೆಗಳಲ್ಲೆಲ್ಲ ಪರಿವರ್ತಕವು ಅಲ್ಲಿಗೆ ಸಂಬಂಧವಿಲ್ಲದ ಅಕ್ಷರ ಹಾಕುತ್ತಿತ್ತು. ಶಾಸನಪಾಠದಲ್ಲಿ ಒಂದು ಅಕ್ಷರ ತಪ್ಪಿದರೆ ಅದನ್ನು ನೆಚ್ಚಿ ಬರೆಯುವ ಮುಂದಿನ ಸಂಶೋಧಕರು ದಾರಿ ತಪ್ಪುತ್ತಾರೆ. ಸಂಶೋಧನಾ ವಿದ್ಯಾರ್ಥಿಗಳು ಅಚ್ಚಾದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಒಬ್ಬರು ಓದುತ್ತ, ಇನ್ನೊಬ್ಬರು ತಿದ್ದುತ್ತ ಇಡೀ ಸಂಚಿಕೆಗಳನ್ನು ಮುಗಿಸಿದರು. ಮೊಳೆ ಜೋಡಿಸಿ ಅಚ್ಚು ಮಾಡಿದ ಇನ್ನೂ ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಟೆಸರಾಕ್ಟ್ ಎಂಬ ತಂತ್ರಾಂಶದಿಂದ ಅಕ್ಷರ ಗುರುತಿಸಲು ಪ್ರಯತ್ನಿಸಿದೆವು. ಮಾಸಿದ ಕಾಗದದ ಮೇಲಿನ ಒತ್ತಕ್ಷರಗಳು ಅದಕ್ಕೆ ದಕ್ಕಲಿಲ್ಲ. ಅಲ್ಲಿ ಪುಟದ ಚಿತ್ರವನ್ನೇ ಉಳಿಸಿಕೊಂಡು ಲೇಖಕರ ಹೆಸರು, ಶೀರ್ಷಿಕೆ, ವಿಷಯಪದಗಳನ್ನು ಕೈಯಿಂದ ಟೈಪು ಮಾಡಿ ಸೇರಿಸಿದೆವು.

ಹಕ್ಕುಸ್ವಾಮ್ಯವೂ ಸಮಯ ತೆಗೆದುಕೊಂಡಿತು. 1957ರ ಕಾಯ್ದೆಯ ಪ್ರಕಾರ ಲೇಖಕರ ಮರಣಾನಂತರ 60 ವರ್ಷ ಹಕ್ಕು ಉಳಿಯುತ್ತದೆ. ಹಳೆಯ ಸಂಪಾದಕರು ಲೇಖಕರಿಂದ ಬರಹ ರೂಪದ ಒಪ್ಪಂದ ಪಡೆದಿರಲಿಲ್ಲ. ಲೇಖಕರಿಗೂ ದಿವಂಗತರ ಕುಟುಂಬದವರಿಗೂ ಪತ್ರ ಬರೆದೆವು. ಬಹುತೇಕರು ಸಂತೋಷದಿಂದ ಅನುಮತಿ ಕೊಟ್ಟರು. ಉತ್ತರ ಬಾರದ ಲೇಖನಗಳಿಗೆ ಶೀರ್ಷಿಕೆ ಮತ್ತು ಪುಟಸಂಖ್ಯೆಗಳನ್ನಷ್ಟೇ ಪ್ರಕಟಿಸಿದ್ದೇವೆ.

2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, 2025ರಿಂದ 2027ರವರೆಗಿನ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಜಿಲ್ಲೆಯ ಸರ್ಕಾರಿ ಕಾಲೇಜಿನ ಅಧ್ಯಾಪಕರಿಗೂ ದೊಡ್ಡ ಸಂಸ್ಥೆಯ ವಿಜ್ಞಾನಿಗೆ ಸಿಗುವ ಜರ್ನಲ್‌ಗಳೇ ಸಿಗುವುದು ನ್ಯಾಯವಾದ ಹೆಜ್ಜೆ, ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಖಾಸಗಿ ಕಾಲೇಜುಗಳು ಸದ್ಯಕ್ಕೆ ಹೊರಗೇ ಉಳಿದಿರುವುದು ಬೇಸರದ ಸಂಗತಿ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಓದಿ ಬಂದದ್ದು ಅಂಥ ಕಾಲೇಜುಗಳಲ್ಲೇ. ಯೋಜನೆಯಲ್ಲಿ ಸೇರಿದ ಜರ್ನಲ್‌ಗಳಿಗೆ ನಾವು ಹಿಂದೆ ಸ್ವಂತ ಹಣ ಕೊಟ್ಟು ಪಡೆದಿದ್ದ ವರ್ಷಗಳ ಹಕ್ಕನ್ನು ರಿಜಿಸ್ಟರಿನಲ್ಲಿ ಹಾಗೆಯೇ ಉಳಿಸಿಕೊಂಡಿದ್ದೇನೆ, ಜನವರಿಯ ಪರೀಕ್ಷೆಯನ್ನೂ ನಿಲ್ಲಿಸಿಲ್ಲ. 2027ರ ನಂತರದ ಏರ್ಪಾಡು ಏನೇ ಆದರೂ ಆ ವರ್ಷಗಳನ್ನು ಕೇಳಲು ನಮ್ಮ ಬಳಿ ದಾಖಲೆ ಇರಬೇಕು. ಯೋಜನೆಯಿಂದ ಉಳಿದ ಚಂದಾ ಹಣದ ಒಂದು ಭಾಗವನ್ನು ನಮ್ಮ ಭಾಗದ ನಿಂತುಹೋದ ಕನ್ನಡ ಸಂಶೋಧನಾ ಪತ್ರಿಕೆಗಳನ್ನು ಹುಡುಕಿ ಸ್ಕ್ಯಾನ್ ಮಾಡಲು ಕೊಡಬೇಕೆಂದು ಗ್ರಂಥಾಲಯ ಸಮಿತಿಗೆ ಬರೆದಿದ್ದೇನೆ. ಅವು ಯಾವ ಪ್ರಕಾಶಕರ ಕಟ್ಟಿನಲ್ಲೂ ಇಲ್ಲ, ಕೆಲವಕ್ಕೆ ನಮ್ಮ ಕಪಾಟಿನಲ್ಲಿರುವ ಪ್ರತಿಯನ್ನು ಬಿಟ್ಟರೆ ಬೇರೆ ಪ್ರತಿ ನನಗೆ ಸಿಕ್ಕಿಲ್ಲ. ಮೊದಲು ಅವುಗಳನ್ನೇ ಕೈಗೆತ್ತಿಕೊಳ್ಳುವಂತೆ ಆ ಪತ್ರದಲ್ಲಿ ಕೇಳಿದ್ದೇನೆ.